ಸರದಿಯಲ್ಲಿ ಮಾತಾಡಿದ ಕಾಗೆಗಳು

ಹುಣಸೆಮರದಲ್ಲಿ ಸಿಕ್ಕಿಕೊಂಡಿದ್ದ ಗಾಳಿಪಟದ ದಾರ ಒಂದು ಹೆಣ್ಣು ಕಾಗೆಯ ರೆಕ್ಕೆಗೆ ಸುತ್ತಿಕೊಂಡಿತು. ಅವಳು ತಲೆಕೆಳಗಾಗಿ ನೇತಾಡಿದಳು. ಅವಳ ಗಂಡ ದಾರ ಕುಕ್ಕಿ ನೋಡಿದ. ಒಬ್ಬನಿಂದ ಆಗಲಿಲ್ಲ. ಬಳಗ ಕೂತಿದ್ದ ತಾರಸಿಗೆ ಹಾರಿ ಬಂದ.

"ಬೇಗ ಬನ್ನಿ. ನಾಲ್ಕು ಕೊಕ್ಕು ಸೇರಿದರೆ ದಾರ ಹರಿಯುತ್ತೆ."

ಮೊದಲಾಗಿದ್ದರೆ ಎಲ್ಲವೂ ಕೂಗುತ್ತಾ ಒಟ್ಟಿಗೆ ಹಾರಿಬಿಡುತ್ತಿದ್ದವು. ಆದರೆ ತಾರಸಿಯಲ್ಲಿ ಯಾರೋ ಬಿಟ್ಟುಹೋದ ಮೊಬೈಲ್ ಸಿಕ್ಕ ಮೇಲೆ, ಅದರಲ್ಲಿದ್ದ, ಚರ್ಚೆ ನಡೆಸಿಕೊಡುವ ಆಪ್ ಹೇಳಿದಂತೆ ಬಳಗ ನಡೆಯುತ್ತಿತ್ತು.

"ಗದ್ದಲ ಬೇಡ, ಸರದಿಯಂತೆ ಮಾತಾಡಿ," ಎಂದಿತು ಮೊಬೈಲ್. "ಪರ ಈ ಕಡೆ, ವಿರೋಧ ಆ ಕಡೆ ಬರೆದುಕೊಳ್ಳುತ್ತೇನೆ. ಆಮೇಲೆ ಮತ."

"ದಾರ ನಮಗೂ ಸುತ್ತಿಕೊಂಡರೆ?" ಎಂದಿತು ಒಂದು ಕಾಗೆ.

"ವಿರೋಧ. ಬರೆದುಕೊಂಡೆ."

"ಗಾಳಿ ಬಂದರೆ ತಾನೇ ಬಿಚ್ಚಿಕೊಳ್ಳಬಹುದಲ್ಲ?" ಎಂದಿತು ಇನ್ನೊಂದು.

"ಇದಕ್ಕೆ ಯಾರು ಉತ್ತರ ಕೊಡುತ್ತೀರಿ?"

"ಅವಳು ಕೂಗ್ತಿದ್ದಾಳೆ, ಕೇಳಿಸ್ತಿಲ್ವಾ?" ಎಂದ ಗಂಡ.

"ಹೆಂಡ್ತಿ ವಿಷಯ ಅಂದ್ರೆ ಇವನ ಅವಸರ ನೋಡು," ಎಂದು ಮುದಿ ಕಾಗೆ ನಕ್ಕಿತು.

"ನಿಮ್ಮ ಸರದಿ ಮುಗಿದಿದೆ, ಯಜಮಾನರೇ," ಎಂದಿತು ಮೊಬೈಲ್ ಗಂಡನಿಗೆ. "ಕೂತುಕೊಳ್ಳಿ."

ಅವನು ಕೂತ.

ಬಿಸಿಲು ಇಳಿಯಿತು. ಎಲ್ಲರ ಮತ ಬಿತ್ತು.

"ಬಿಡಿಸಬೇಕು. ಕೊನೆಗೆ ಒಬ್ಬರದೂ ವಿರೋಧವಿಲ್ಲ," ಎಂದಿತು ಮೊಬೈಲ್.

ಕಾಗೆಗಳು ಹಿಗ್ಗಿದವು. "ಎಷ್ಟು ಚೆನ್ನಾಗಿ ನಡೀತು! ಒಬ್ಬರೂ ಕಚ್ಚಾಡಲಿಲ್ಲ."

ಗಂಡ ಕಾಗೆ ಮರದ ಕಡೆ ಕಿವಿಗೊಟ್ಟು ಕೂತಿದ್ದ.

"ಅವಳ ಕೂಗು ನಿಂತಿದೆ," ಎಂದ.

ಮೊಬೈಲ್ ಕೇಳಿತು:

"ಇದನ್ನು ಯಾವ ಕಡೆ ಬರೆದುಕೊಳ್ಳಲಿ? ಪರವೋ, ವಿರೋಧವೋ?"