ಬೆಳಗುವ ಉಪ್ಪು ತಿನ್ನುವುದೇನು?

“ಕೇಳ್ರಪ್ಪೋ ಕೇಳಿ! ಕರಿಗಿರಿಯ ದೊರೆ ಇಮ್ಮಡಿ ಬೊಮ್ಮರಸರ ಅಪ್ಪಣೆ! ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ಒಂದು ತಪ್ಪಿದರೂ ಸಂಜೆಗೆ ತಲೆದಂಡ! ಬುದ್ಧಿ ಇರೋರು ಅರಮನೆಗೆ ಬನ್ನಿ, ಇನ್ನೂ ಹೆಚ್ಚು ಬುದ್ಧಿ ಇರೋರು ಮನೇಲೇ ಇರಿ!”

ಕೊನೆಯ ಮಾತು ಮಾತ್ರ ಡಂಗುರದವನು ತಾನಾಗಿ ಸೇರಿಸಿದ್ದು.

ಉಪ್ಪಾರರ ಸಣ್ಣೋಬನಿಗೆ ಡಂಗುರ ಕೇಳಿಸಿದಾಗ ಅವನು ಅಕ್ಕ ಮಾರಕ್ಕನಿಗೆ ಅಂಬಲಿ ಕುಡಿಸುತ್ತಿದ್ದ. ಬೆರಳುಗಳೆಲ್ಲ ಬಿರಿದು ಹುಣ್ಣಾಗಿ, ಬಟ್ಟಲು ಹಿಡಿಯುವುದು ಅವಳಿಂದ ಆಗುತ್ತಿರಲಿಲ್ಲ. ಅವಳು ಅರಮನೆಯ ಉಪ್ಪಿನಮನೆಯಲ್ಲಿ ಕೆಲಸದವಳು. ಅಲ್ಲಿ ಬೇಯಿಸುತ್ತಿದ್ದದ್ದು ಊಟದ ಉಪ್ಪಲ್ಲ. ಬಂಡಿಗಟ್ಟಲೆ ಕರಿಗಲ್ಲನ್ನು ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ, ವರ್ಷಗಟ್ಟಲೆ ಕುದಿಸಿದರೆ ಚಿಟಿಕೆಯಷ್ಟು ಬಿಳಿ ಉಪ್ಪು ಸಿಗುತ್ತಿತ್ತು. ಕತ್ತಲಲ್ಲಿ ಅದು ತಾನೇ ತಾನಾಗಿ ಬೆಳಗುತ್ತಿತ್ತು. ದೇವಿಯ ಪ್ರಸಾದವೆಂದು ದೊರೆ ಅದನ್ನು ಪುಟ್ಟ ಗಾಜಿನ ಭರಣಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದ. ಉಪ್ಪಿನಮನೆಯ ಹೆಂಗಸರಿಗೂ ಹಬ್ಬಕ್ಕೊಮ್ಮೆ ಅದರಿಂದ ಹಣೆಗೆ ಬೊಟ್ಟಿಡುವ ಭಾಗ್ಯವಿತ್ತು. ಮಿನುಗುವ ಬೊಟ್ಟಿಟ್ಟುಕೊಂಡು ಮನೆಗೆ ಬಂದು ಮಕ್ಕಳನ್ನು ನಗಿಸುತ್ತಿದ್ದರು. ಆಮೇಲೆ ಆ ಜಾಗದಲ್ಲಿ ಚರ್ಮ ಸುಲಿಯುತ್ತಿತ್ತು. ಮೈಲಿಗೆಯಲ್ಲಿ ಮುಟ್ಟಿದ್ದಕ್ಕೆ ದೇವಿ ಮುನಿದಳು ಅಂದುಕೊಂಡು, ಪಾಪ, ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

“ನಾಳೆ ಹೋಗ್ಬೇಡ ಕಣಕ್ಕ,” ಅಂದ ಸಣ್ಣೋಬ.

“ಹೋಗ್ದಿದ್ರೆ ಎಳ್ಕಂಡು ಹೋಗ್ತಾರೆ. ದೊರೆ ಕೆಲ್ಸಕ್ಕೆ ರಜಾ ಐತೇನ್ಲಾ?”

ಅವನು ಬಟ್ಟಲು ಕೆಳಗಿಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟ. ಎಲ್ಲಿಗೆಂದು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಬಿಡುತ್ತಿರಲಿಲ್ಲ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಮೊದಲನೆಯವನು ನೆರೆದೇಶದ ರಾಜಕುಮಾರ. ದೊರೆ ಅವನನ್ನು ಕೇಳಿದ: “ಎಣ್ಣೆ ಬೇಡ, ಬತ್ತಿ ಬೇಡ. ಗಾಳಿಗೆ ಆರದು, ಮಳೆಗೆ ನಂದದು. ಯಾವುದಪ್ಪಾ ಆ ದೀಪ?”

“ಚಂದ್ರ!” ಎಂದ ರಾಜಕುಮಾರ, ಮೀಸೆ ತಿರುವುತ್ತ.

“ಅಮಾವಾಸ್ಯೆಗೆ ಎಲ್ಲಿ ಹೋಗುತ್ತದೆ ನಿನ್ನ ದೀಪ?”

ಮೀಸೆ ತಿರುವುತ್ತಿದ್ದ ಕೈಯನ್ನೇ ಭಟರು ಹಿಡಿದು ಕರೆದೊಯ್ದರು.

ಎರಡನೆಯವನು ಮಂತ್ರಿಯ ಅಳಿಯ. ಬೆಳಗುವ ಉಪ್ಪಿನ ಸುದ್ದಿ ಮಾವನ ಮನೆಯಲ್ಲೇ ಕೇಳಿದ್ದರಿಂದ ಮೊದಲ ಒಗಟು ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ದೊರೆ ಎರಡನೆಯದನ್ನು ಮುಂದಿಟ್ಟ: “ಒಂದೇ ರೂಪದ ಅಕ್ಕತಂಗಿಯರು ಒಂದೇ ನೀರಿನಲ್ಲಿ ಕರಗಿದ್ದಾರೆ. ತಂಗಿಯರು ಸಾವಿರಾರು, ಅಕ್ಕ ಒಬ್ಬಳೇ. ಸೋಸಿದರೆ ಸಿಗಳು. ಅವಳನ್ನು ಹೊರಗೆ ಕರೆಯುವುದು ಹೇಗೆ?”

“ಹಾಲು ನೀರು ಬೇರೆ ಮಾಡುವ ಹಂಸವನ್ನು ತರಿಸಬೇಕು, ಪ್ರಭು!”

“ತಂದಿದ್ದೀಯಾ?”

ಅಳಿಯ ಮಾವನ ಮುಖ ನೋಡಿದ, ಮಾವ ಛಾವಣಿ ನೋಡಿದ. ಅವನನ್ನೂ ಕರೆದೊಯ್ದರು.

ಸಣ್ಣೋಬನ ಸರದಿ ಬಂತು. ಮೊದಲ ಒಗಟಿಗೆ ದೊರೆಯ ಕೊರಳಿನ ಭರಣಿ ತೋರಿಸಿದ. ಎರಡನೆಯದಕ್ಕೆ ನಿಧಾನವಾಗಿ ಹೇಳಿದ: “ಬುದ್ಧಿ, ಅಕ್ಕ ಅಂದ್ರೆ ಬೆಳಗೋ ಉಪ್ಪು, ತಂಗಿಯರು ಬೆಳಗದ ಉಪ್ಪು. ಕುದಿಸಿ ಆರಕ್ಕೆ ಬಿಡಬೇಕು. ಅಕ್ಕಂಗೆ ನೀರು ಅಷ್ಟಾಗಿ ಒಗ್ಗಲ್ಲ, ಮೊದ್ಲು ಹರಳಾಗಿ ತಳಕ್ಕೆ ಕೂರ್ತಾಳೆ. ಜತೇಲಿ ಒಂದಷ್ಟು ತಂಗಿಯರೂ ಬರ್ತಾರೆ. ಮೇಲಿನ ನೀರು ಬಗ್ಗಿಸಿ, ಹರಳನ್ನ ತಿರುಗಾ ಕರಗಿಸಿ, ತಿರುಗಾ ಆರಿಸಬೇಕು. ಹಿಂಗೆ ಮಾಡ್ತಾ ಮಾಡ್ತಾ ತಂಗಿಯರು ಕಮ್ಮಿಯಾಗಿ ಅಕ್ಕ ಒಬ್ಬಳೇ ಉಳೀತಾಳೆ. ನಮ್ಮಕ್ಕ ಇದನ್ನೇ ಮಾಡ್ತಾ ಕೈ ಕಳ್ಕಂಡ್ಲು.”

ಕೈಯ ಮಾತು ದೊರೆಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ. “ಸರಿ,” ಎಂದು ಮೂರನೆಯದನ್ನು ಕೇಳಿದ. “ಹಗಲಿರುಳು ಬೆಳಕು ಕೊಡುತ್ತದೆ, ಸದಾ ಬಿಸಿ ಕೊಡುತ್ತದೆ. ಇಷ್ಟೆಲ್ಲ ಕೊಡುವುದು ಏನು ತಿಂದು ಬದುಕುತ್ತದೆ?”

ದೊರೆಗೆ ಬೇಕಾದ ಉತ್ತರ ಇಡೀ ಸಭೆಗೆ ಗೊತ್ತಿತ್ತು. ದೇವಿಯ ಪ್ರಸಾದ, ಅದು ಏನನ್ನೂ ತಿನ್ನದು. ಅಷ್ಟು ಹೇಳಿದರೆ ಅರ್ಧ ರಾಜ್ಯ, ಅಕ್ಕ ನಾಳೆಯಿಂದ ಮನೆಯಲ್ಲೇ ಇರಬಹುದು. ಆದರೆ ಉಪ್ಪಿನಮನೆ ದೊರೆಯ ಅರ್ಧದಲ್ಲೇ ಉಳಿಯುತ್ತದೆ. ಅಕ್ಕನ ಜಾಗಕ್ಕೆ ಇನ್ಯಾರದೋ ಅಕ್ಕ ಬಂದು ಕೂರುತ್ತಾಳೆ.

“ತನ್ನನ್ನೇ ತಿಂತದೆ, ಬುದ್ಧಿ,” ಅಂದ ಸಣ್ಣೋಬ. “ಹೊಸದ್ರಲ್ಲಿ ಬೆಳ್ಳಗಿರ್ತದೆ, ಬರ್ತಾ ಬರ್ತಾ ಹಳದಿಗೆ ತಿರುಗ್ತದೆ, ಬೆಳಕೂ ಕುಗ್ತದೆ. ಅದೂ ಸಾಲ್ದೆ, ಹತ್ರ ಇದ್ದೋರನ್ನೂ ತಿಂತದೆ.”

“ದೇವಿಯ ನಿಂದೆ!” ಎಂದು ಮಂತ್ರಿ ಎದ್ದುನಿಂತ. ಭಟರು ಮುಂದೆ ಬಂದರು.

“ಪುರಾವೆ ಏನು?” ಎಂದ ದೊರೆ.

“ಭರಣಿ ನೋಡಿ ಬುದ್ಧಿ. ಮಾಡಿದಾಗ ಗಾಜು ನೀರಿನಂಗಿತ್ತು ಅಂತ ನಮ್ಮಕ್ಕ ಹೇಳ್ತಿದ್ಲು, ಈಗ ನೇರಳೆ ಬಣ್ಣ ಆಗೈತೆ. ಗಾಜಿಗೇ ಹಿಂಗಾದ್ರೆ, ಅದರ ಕೆಳಗಿರೋ ಚರ್ಮ ಏನಾಗಿರ್ತದೆ ಅನ್ನೋದು ನಿಮಗೊಬ್ಬರಿಗೇ ಗೊತ್ತು.”

ದೊರೆ ಜರಿಯ ನಿಲುವಂಗಿಯನ್ನು ಸರಿಸಿದ. ಭರಣಿಯ ಕೆಳಗೆ, ಗಂಧ ಮೆತ್ತಿ ಮುಚ್ಚಿದ್ದರೂ, ಅಂಗೈಯಗಲದ ಹುಣ್ಣು ಕಾಣುತ್ತಿತ್ತು.

“ರಾಣಿಗೂ ಹೇಳಿರಲಿಲ್ಲ,” ಎಂದ. “ನನ್ನ ಭಕ್ತಿಯಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ.”

“ಉಪ್ಪಿನಮನೆ ಹೆಂಗಸರೂ ಹಂಗೇ ಅಂದ್ಕಂಡವ್ರೆ, ಬುದ್ಧಿ.”

ದೊರೆ ಭರಣಿ ಕಳಚಿದ. ಆ ಗಳಿಗೆಯೇ ಉಪ್ಪಿನಮನೆಯ ಒಲೆಗಳಿಗೆ ನೀರು ಹೊಯ್ಯಿಸಿದ. ಇದ್ದಬದ್ದ ಉಪ್ಪನ್ನು ದಪ್ಪ ಸೀಸದ ಪೆಟ್ಟಿಗೆಗೆ ಹಾಕಿಸಿ ಬೆಟ್ಟದ ಒಡಲಲ್ಲಿ ಹೂಳಿಸಿದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟಾಗ, ಅವರು ಚಪ್ಪಲಿಯನ್ನೂ ಹುಡುಕದೆ ಓಡಿದರು. ಸಣ್ಣೋಬ ಅರ್ಧ ರಾಜ್ಯವನ್ನು ಬೇಡವೆನ್ನಲಿಲ್ಲ. ಕೈ ಕಳೆದುಕೊಂಡ ಅಷ್ಟೂ ಹೆಂಗಸರು ಕೂತು ಉಣ್ಣಬೇಕಲ್ಲ.

ಮನೆಗೆ ಬಂದಾಗ ಮಾರಕ್ಕ ಬಾಗಿಲಲ್ಲೇ ನಿಂತಿದ್ದಳು. “ಎಲ್ಲಿ ಹಾಳಾಗಿ ಹೋಗಿದ್ಯೋ?”

“ಒಗಟು ಗೆದ್ದೆ ಕಣಕ್ಕ. ಅರ್ಧ ರಾಜ್ಯ ಕೊಟ್ಟವ್ರೆ.”

“ಹೂಂ, ನಾನೂ ಪಟ್ಟದ ರಾಣಿ. ಬಾ ಒಳಗೆ.”

“ಉಪ್ಪಿನಮನೆ ಮುಚ್ಚಿದ್ರಕ್ಕ. ಹುಣ್ಣು ಮಾಡಿದ್ದು ಆ ಉಪ್ಪು. ದೊರೆ ಎದೇಲೂ ಐತೆ, ನಾನೇ ನೋಡ್ದೆ.”

ಮಾರಕ್ಕ ಗೋಡೆಗೆ ಒರಗಿ ಮೆಲ್ಲಗೆ ಕೂತಳು. ತನ್ನ ಕೈಗಳನ್ನೇ ನೋಡುತ್ತ ಕೇಳಿದಳು: “ಹಂಗಾದ್ರೆ ದೇವಿ ನನ್ಮೇಲೆ ಮುನಿದಿರ್ಲಿಲ್ವೇನ್ಲಾ?”

“ಇಲ್ಲ ಕಣಕ್ಕ. ಯಾವತ್ತೂ ಇಲ್ಲ.”

ಅಷ್ಟು ದಿನ ನೋವಿಗೆ ಒಂದು ಹನಿ ಕಣ್ಣೀರು ಹಾಕದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು.