ಪೈಲ್ವಾನ ದುಂಡಪ್ಪನ ಉಡದಾರ

ಗಂಗಿಮಾಳವ್ವನ ಕೈಯಿಂದ ಉಡದಾರ ಕಟ್ಟಿಸಿಕೊಂಡ ಕಟ್ಟಕಡೆಯ ಗಂಡಸು ನಾನೇ. ಸುಳ್ಳು. ಆಕೆ ಹೋದಾಗ ನಮ್ಮ ಮುತ್ತಜ್ಜನಿಗೇ ಹಲ್ಲು ಮೂಡಿರಲಿಲ್ಲ. ಇನ್ನು ಮುಂದೆ ಸುಳ್ಳು ಬಂದರೆ ಅದು ನನ್ನದಲ್ಲ, ನನಗೆ ಹೇಳಿದವರದು.

ಬಹಳ ಹಿಂದೆ, ಹೊಳೆದಂಡೆಯಲ್ಲಿ ಒಂದು ಊರು. ಆ ಊರಲ್ಲಿ ನೂಲು ಹೊಸೆದು ಗಂಡಸರ ಸೊಂಟಕ್ಕೆ ಉಡದಾರ ಕಟ್ಟುವವಳು ಗಂಗಿಮಾಳವ್ವ. ಆಕೆಯ ದಾರದಿಂದ ಮದವೇರಿದ ಕೋಣ ಕಟ್ಟಿದರಂತೆ. ಗೂಟ ಕಿತ್ತು ಬಂತಂತೆ, ದಾರ ಹರಿಯಲಿಲ್ಲವಂತೆ. ಸೊಂಟ ಮುಟ್ಟಿದರೆ ಸಾಕು, ಒಳಗೇನು ನಡೆದಿದೆ ಎಂದು ಹೇಳುತ್ತಿದ್ದಳಂತೆ. ಆ ಊರಿನ ಗಂಡಸರು ಉಡದಾರ ಇಲ್ಲದೆ ಇರುವಂತಿಲ್ಲ. ಅದನ್ನು ಹರಿಯುವುದು ಒಮ್ಮೆ ಮಾತ್ರ, ಹೆಣಕ್ಕೆ ನೀರು ಹಾಕುವಾಗ.

ಅದೇ ಊರಲ್ಲಿ ಪೈಲ್ವಾನ ದುಂಡಪ್ಪ. ಕುಸ್ತಿ ಬಿಟ್ಟು ಬಹಳ ಕಾಲವಾಗಿತ್ತು, ಕುಸ್ತಿಯವರ ಊಟ ಮಾತ್ರ ಬಿಟ್ಟಿರಲಿಲ್ಲ. ತುಪ್ಪದಲ್ಲಿ ತೇಲುವ ಹೋಳಿಗೆ, ಕುರಿಮಾಂಸ, ಬೋಗುಣಿಗಟ್ಟಲೆ ಉಪ್ಪಿನಕಾಯಿ. ಹೊಟ್ಟೆ ಅಂಗಳಕ್ಕೆ ಬಂದು ಎಷ್ಟೋ ಹೊತ್ತಾದ ಮೇಲೆ ದುಂಡಪ್ಪ ಬರುತ್ತಿದ್ದನಂತೆ. ನೆತ್ತರಿನ ಒತ್ತಡ ಸದಾ ಏರಿಯೇ ಇರುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ತಲೆಶೂಲೆ, ನೊಣ ಕೂತರೂ ಜಗಳ. ಊರವರು ಅದನ್ನೇ ಪೈಲ್ವಾನನ ಕಳೆ ಅಂದುಕೊಂಡಿದ್ದರು.

ಹೆಂಡತಿ ಸಾತವ್ವನಿಗೆ ಮಾತ್ರ ನೆಮ್ಮದಿಯಿಲ್ಲ. ಬೆಳಗಾದರೆ ಗಂಡನ ಪಾದ ಊದಿರುತ್ತಿದ್ದವು. ಹಿತ್ತಲಲ್ಲಿ ಉಚ್ಚೆ ಹೊಯ್ದರೆ ಆಗತಾನೇ ಕರೆದ ಎಮ್ಮೆಹಾಲಿನ ಹಾಗೆ ನೊರೆ. ನೊರೆ ಇಳಿಯುವಷ್ಟರಲ್ಲಿ ಇರುವೆ ಸಾಲು. ಪಕ್ಕದೂರಿನ ಇರುವೆಗಳೂ ಬುತ್ತಿ ಬಿಟ್ಟು ಇಲ್ಲಿಗೇ ಬರುತ್ತಿದ್ದವಂತೆ.

ಒಂದು ದಿನ ದುಂಡಪ್ಪ ಸೀನಿದ. ಕೋಣಕ್ಕೆ ಹರಿಯದ ದಾರ ಅವನ ಹೊಟ್ಟೆಗೆ ಹರಿಯಿತು! ಧೋತರ ಹಿಡಿದುಕೊಂಡೇ ಓಡಿದ. ಹಿಂದೆ ಸಾತವ್ವನೂ ಓಡಿದಳು. ಗಂಗಿಮಾಳವ್ವ ಸೊಂಟ ತಡವಿದಳು, ಸಾತವ್ವನಿಂದ ನೊರೆ, ಇರುವೆಗಳ ಸುದ್ದಿ ಕೇಳಿದಳು. ಆಮೇಲೆ ಅವನ ಕುಸ್ತಿ ಕಾಲದ ಅಳತೆಯ ದಾರ ತೆಗೆದು ಕೈಗಿಟ್ಟಳು.

"ಇದು ನನ್ನ ತೊಡೀಗೂ ಸಾಲೂದಿಲ್ಲ, ಯವ್ವಾ!"

"ಬೆನ್ನಾಗ ಎರಡು ಜರಡಿ ಅದಾವೋ ದುಂಡ್ಯಾ, ನೆತ್ತರ ಸೋಸಿ ಉಚ್ಚಿ ಮಾಡೂವು. ಏರಿದ ನೆತ್ತರ ಒಂದೇ ಆಗಿದ್ರ ಹೆಂಗೋ ತಡೀತಿದ್ವು. ಅದರ ಮ್ಯಾಲ ಈ ಬೊಜ್ಜು, ಅದರ ಮ್ಯಾಲ ಮೈಯಾಗಿನ ಸಕ್ಕರಿ. ಆ ಜರಡಿ ಹರದ್ರ ಹೊಲಿಯೂ ನೂಲು ನನ್ನ ಕಡೆ ಇಲ್ಲ. ಈ ದಾರದ ತುದಿ ಕೂಡೂತನಕ ನೀ ಸತ್ತಂಗ, ನಡಿ!"

ಹೇಳಿದವಳು ಆಕೆ; ಊರು ಅದನ್ನೇ ಹಿಡಿಯಿತು. ಮದುವೆಮನೆಯಲ್ಲಿ ಬಡಿಸುತ್ತ ಬಂದವರು ದುಂಡಪ್ಪನನ್ನು ದಾಟಿ ಹೋದರು.

"ಏ, ಇಲ್ಲೇ ಕುಂತೀನಲ್ಲೋ!"

"ತೀರಿಕೊಂಡವರಿಗೆ ಹೋಳಿಗಿ ಯಾಕ್ರೀ, ಪೈಲ್ವಾನ್ರ?"

ಮನೆಗೆ ಬಂದರೆ ಸಾತವ್ವ ಸಪ್ಪನೆಯ ನುಚ್ಚು ಇಟ್ಟಳು. ಉಪ್ಪು ಕೇಳಿದ. "ಸತ್ತವರ ಎಡೀಗೆ ಉಪ್ಪು ಹಾಕೂದಿಲ್ರೀ" ಅಂದು ಒಳಗೆ ಹೋಗಿ ಅತ್ತಳಂತೆ. ನಕ್ಕಳು ಅನ್ನುವವರೂ ಇದ್ದಾರೆ. ಸತ್ತವನ ಜೊತೆ ಜಗಳಕ್ಕೂ ಯಾರೂ ಬರಲಿಲ್ಲ, ಹಾಗಾಗಿ ನೆತ್ತರೂ ಮೆಲ್ಲಗೆ ಇಳಿಯಿತಂತೆ. ಮಾಡಲು ಕೆಲಸವಿಲ್ಲದೆ ಹೊಳೆದಂಡೆಯಲ್ಲಿ ದೆವ್ವದ ಹಾಗೆ ಅಡ್ಡಾಡಿದ. ಅಡ್ಡಾಡಿ ಅಡ್ಡಾಡಿ ಕರಗಿದ.

ಮುಂಗಾರು ಹೋಗಿ ಹಿಂಗಾರು ಬಂತು. ಒಂದು ಮುಂಜಾನೆ ಸಾತವ್ವ ಹಿತ್ತಲಿಗೆ ಹೋದರೆ ನೊರೆಯಿಲ್ಲ. ಒಂದೇ ಒಂದು ಇರುವೆ ಬಂದು, ಮೂಸಿ, ಬೈದುಕೊಂಡು ಹೋಯಿತಂತೆ. ಅವತ್ತೇ ದಾರದ ತುದಿಗಳು ಕೂಡಿದವು. ಗಂಗಿಮಾಳವ್ವ ಗಂಟು ಹಾಕಿದಳು. ದುಂಡಪ್ಪ ಗಳಗಳ ಅತ್ತ. ಸತ್ತವ ಎದ್ದು ಬಂದ ಎಂದು ಊರವರು ಹಲಗೆ ಬಾರಿಸಿದರು.

"ಹೋಳಿಗಿ ಮಾಡ್ಲೇನ್ರೀ?" ಸಾತವ್ವ ಕೇಳಿದಳು.

"ಸುಮ್ಮನಿರ, ಮತ್ತ ಕೊಲ್ಲಬ್ಯಾಡ!"

ಈಗಲೂ ಆ ಊರಲ್ಲಿ ಮದುವೆ ದಿನದ ಅಳತೆಯ ಇನ್ನೊಂದು ಉಡದಾರವನ್ನು ಗೋಡೆಯ ಗೂಡಿನಲ್ಲಿ ಎತ್ತಿಡುತ್ತಾರೆ. ವರ್ಷ ವರ್ಷ ಪಂಚಮಿಗೆ ಗಂಗಿಮಾಳವ್ವನ ಹೆಸರು ಹೇಳಿ ಗಂಡನ ಸೊಂಟಕ್ಕೆ ಸುತ್ತಿ ನೋಡುತ್ತಾರೆ. ತುದಿ ಕೂಡದಿದ್ದರೆ ಅವನು ಸತ್ತಂತೆ. ಕೂಡುವತನಕ ಸಪ್ಪನೆಯ ನುಚ್ಚು. ನನ್ನ ಹೆಂಡತಿ ಆ ಊರಿನವಳೇ. ಈ ಸಲ ನನಗೂ ಸುತ್ತಿದಳು. ಎರಡು ತುದಿಗಳ ನಡುವೆ ಎತ್ತಿನ ಗಾಡಿ ಹಾಯುವಷ್ಟು ಜಾಗ!

ಅದಕ್ಕೇ ಅಣ್ಣಾ, ಈ ಚಹಾದ ರೊಕ್ಕ ನೀವೇ ಕೊಟ್ಟುಬಿಡಿ. ಹೆಣ ಕಿಸೆಗೆ ಕೈ ಹಾಕಿದ್ದನ್ನು ಎಲ್ಲಾದರೂ ನೋಡಿದ್ದೀರೇನು?