ಹರಿಯೋ ನೀರಿನ ಮಾತು

ಕಂಬಾರ ಮೌನೇಶಪ್ಪ ಹದ ಕೊಟ್ಟ ಕೊಡಲಿ ಹತ್ತು ವರ್ಷವಾದರೂ ಮೊಂಡಾಗುತ್ತಿರಲಿಲ್ಲ. ಕಾದ ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದಬೇಕು ಎಂಬ ಗುಟ್ಟು ಅವನ ಮನೆತನದ್ದು. ಅದನ್ನು ಕೇಳಲು ಊರ ಹೊಲ-ಮನೆಗಳ ದಫ್ತರ ಬರೆಯುವ ಕುಲಕರ್ಣಿ ರಂಗರಾಯರು ಮೂರನೆಯ ಸಲ ಕುಲುಮೆಗೆ ಬಂದರು.

"ವಿದ್ಯಾ ಅಂದ್ರ ಹರಿಯೋ ನೀರು ಮೌನೇಶಪ್ಪ, ಕಟ್ಟಿ ಇಟ್ರ ಕೊಳೀತದ. ನೀ ಹೇಳು, ನಾ ಬರದು ಮಾಮಲೇದಾರ ಸಾಹೇಬ್ರಿಗೆ ಕಳಸ್ತೀನಿ. ಹೇಳದಿದ್ರ, ಈ ಕುಲುಮಿ ಜಾಗಾ ದಫ್ತರದಾಗ ಯಾರ ಹೆಸರಿಗೆ ಅದ ಅಂತ ನೋಡಬೇಕಾಗ್ತದ."

ಬೆಳಗಿನಿಂದ ಸುತ್ತಿಗೆ ಎತ್ತಿ ಎತ್ತಿ ಮೌನೇಶಪ್ಪನ ರಟ್ಟೆ ಬಿದ್ದುಹೋಗಿತ್ತು. ವಾದ ಮಾಡಲು ಉಸಿರಿರಲಿಲ್ಲ.

"ಆಗಲಿ ರಾಯರ. ನಾಳೆ ಚಾವಡ್ಯಾಗ ಎಲ್ಲಾರ ಮುಂದ ಹೇಳ್ತೀನಿ."

ಮರುದಿನ ಊರೆಲ್ಲ ಚಾವಡಿಯಲ್ಲಿ ಸೇರಿತು. ದಫ್ತರ ಪಕ್ಕಕ್ಕಿಟ್ಟುಕೊಂಡು ರಾಯರು ಲೇಖನಿ ಹಿಡಿದು ಕೂತರು. ಮೌನೇಶಪ್ಪ ಕಂಬಕ್ಕೆ ಒರಗಿ ಕೂತೇ ಮಾತು ತೆಗೆದ.

"ವಿದ್ಯಾ ಮುಚ್ಚಿಡಬಾರದಂತ ರಾಯರು ಹೇಳಿದ್ದು ಖರೇ ಐತಿ. ಅವರು ಹಿರ್ಯಾರು, ಮೊದಲು ಅವರು ಕಲಿಸ್ಲಿ. ನಮ್ಮ ಹೊಲಾ ಮನಿ ಎಲ್ಲಾ ಆ ದಫ್ತರದಾಗ ಮರಾಠಿ ಮೋಡಿ ಲಿಪಿಯೊಳಗ ಬರದಾರ. ನಮಗ್ಯಾರಿಗೂ ಅದನ್ನ ಓದಾಕ ಬರಂಗಿಲ್ಲ. ಓದೂದು ಕಲಿಸಿದ ಕೂಡಲೇ ನಾ ಹದ ಹೇಳ್ತೀನಿ."

ಜನ ದಫ್ತರದ ಹತ್ತಿರಕ್ಕೆ ಸರಿದು ಕೂತರು. ರಾಯರು ಅದನ್ನು ಎದೆಗೆ ಅವಚಿಕೊಂಡರು.

"ಏಯ್, ಇದು ಮೂರು ತಲಿಮಾರಿನ ಮನಿ ವಿದ್ಯಾ! ಕಂಡಕಂಡವರಿಗೆ ಕೊಡೋದಲ್ಲ!"

ಮೌನೇಶಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ಮೆಲ್ಲಗೆ ಎದ್ದ.

"ನಮ್ಮಜ್ಜನೂ ಇದ ಮಾತು ಹೇಳಿದ್ದ ರಾಯರ. ಆದ್ರ ಅಂವ ಹರಿಯೋ ನೀರಿನ ಮಾತು ತಗದಿರಲಿಲ್ಲ."